ಹಸಿರು ಕೈಗವಸು

ಆಸ್ಪತ್ರೆಯಲ್ಲಿ ಎಲ್ಲರೂ ಅವನಿಗೆ ಇಟ್ಟಿದ್ದ ಹೆಸರು ‘ಅಲ್ಲಾಡಬೇಡಿ’. ನೆಲಮಾಳಿಗೆಯ ಎಕ್ಸ್‌ರೇ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ದಿನಕ್ಕೆ ನಲವತ್ತು ಐವತ್ತು ಸಲ ಅದನ್ನೇ ಹೇಳಿ ಹೇಳಿ ಹೆಸರು ಅಂಟಿಕೊಂಡಿತ್ತು. “ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡಬೇಡಿ.” ಗುಂಡಿ ಒತ್ತಿದ ಮೇಲೆ, “ಹಾಂ, ಈಗ ಬಿಡಿ.” ಈ ಕೊನೆಯ ಮಾತು ಹೇಳಲು ಅವನು ಒಮ್ಮೊಮ್ಮೆ ಮರೆಯುತ್ತಿದ್ದ. ಹಾಗೆ ಮರೆತ ಒಂದು ದಿನ ಮುದುಕರೊಬ್ಬರು ಕೆನ್ನೆ ಉಬ್ಬಿಸಿ ಉಸಿರು ಹಿಡಿದುಕೊಂಡೇ ಷರಟು ತೊಟ್ಟು, ಚಪ್ಪಲಿ ಮೆಟ್ಟಿ, ಮೆಟ್ಟಿಲವರೆಗೂ ನಡೆದುಹೋಗಿದ್ದರು ಅಂತ ನರ್ಸುಗಳು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಆ ಕೋಣೆ ಅವನಿಗೆ ಎರಡು ಅಭ್ಯಾಸ ಕಲಿಸಿತ್ತು. ಒಂದು, ಏನೇ ತೆಗೆದರೂ ಒಂದೇ ಸಲಕ್ಕೆ ಸರಿಯಾಗಿ ತೆಗೆಯಬೇಕು. ಎರಡನೇ ಸಲ ತೆಗೆದರೆ ರೋಗಿಯ ಮೈಗೆ ಸುಮ್ಮನೆ ಇನ್ನೊಂದು ಸಲ ಕಿರಣ ಹಾಯಿಸಿದ ಹಾಗೆ. ಇನ್ನೊಂದು, ಡ್ಯೂಟಿ ಮುಗಿಸಿ ಹೊರಡುವ ಮೊದಲು ಕೆಟ್ಟ ಚಿತ್ರ, ಬೇಡದ ಚಿತ್ರ ಎಲ್ಲ ಅಳಿಸಿ, ಮುಂದೆ ಬರುವವನಿಗೆ ಮಿಷನ್ ಖಾಲಿ ಮಾಡಿಟ್ಟು ಹೋಗಬೇಕು. ಎರಡೂ ಒಳ್ಳೆಯ ಅಭ್ಯಾಸಗಳೇ. ಅವನ ಮೇಲಿನವರು ಇವೆರಡಕ್ಕೇ ಅವನನ್ನು ಹೊಗಳುತ್ತಿದ್ದರು.

ವೀಡಿಯೋದ ಹುಚ್ಚು ಹತ್ತಿದ್ದು ಮಗಳು ಹುಟ್ಟಿದ ಮೇಲೆ. ಒಂದು ಕಡೆ ನಿಲ್ಲದೆ ತಿರುಗುವ ಅವಳಿಗೆ ಮನೆಯಲ್ಲಿ ಬುಗುರಿ ಅಂತಲೇ ಕರೆಯುತ್ತಿದ್ದರು. ಅಲ್ಲಾಡಬೇಡಿಯ ಮನೆಯಲ್ಲಿ ಇಂಥ ಮಗು ಹುಟ್ಟಬೇಕೇ ಅಂತ ಅವನ ಅಮ್ಮನಿಗೆ ಭಾರಿ ನಗು. ಅವನಿಗೂ ಅನ್ನಿಸಿತ್ತು, ಅಲ್ಲಾಡದ್ದನ್ನು ಹಿಡಿದು ಹಿಡಿದು ಸಾಕಾಯಿತು, ಅಲ್ಲಾಡುವುದನ್ನೂ ಒಮ್ಮೆ ಹಿಡಿಯೋಣ ಅಂತ. ಡಾಕ್ಟರೊಬ್ಬರು ಬಿಟ್ಟುಹಾಕಿದ್ದ ಹಳೆಯ ಕ್ಯಾಮೆರಾ, ಒಂದು ಕಾಲು ಸಡಿಲವಾದ ಸ್ಟ್ಯಾಂಡು ಮನೆಗೆ ಬಂದವು.

ಮೊದಲ ವರ್ಷ ಏನು ತೆಗೆದರೂ ಯಾರಿಗಾದರೂ ತಲೆ ಇರುತ್ತಿರಲಿಲ್ಲ.

“ನೋಡೇ, ನಿನ್ನ ಗಂಡನ ಸಿನಿಮಾದಲ್ಲಿ ನಾನು ಬರೀ ಸೊಂಟ,” ಅನ್ನುತ್ತಿದ್ದಳು ಅವನ ಅಮ್ಮ ಸೊಸೆಯ ಹತ್ತಿರ. “ಅರವತ್ತೈದು ವರ್ಷ ಆಯ್ತು ಈ ಮುಖ ಹೊತ್ಕೊಂಡು ತಿರುಗ್ತಾ ಇದೀನಿ, ಅದೊಂದು ಇವನ ಕಣ್ಣಿಗೆ ಬೀಳಲಿಲ್ಲ.”

“ನಿಮಗೆ ಸೊಂಟ ಆದ್ರೂ ಇದೆ ಅತ್ತೆ. ನಾನು ಪೂರ್ತಿ ಮಸುಕು,” ಅನ್ನುತ್ತಿದ್ದಳು ಹೆಂಡತಿ.

ಆದರೂ ಅವನು ಬಿಡಲಿಲ್ಲ. ಡ್ಯೂಟಿ ಇದ್ದದ್ದು ಮಧ್ಯಾಹ್ನ ಎರಡರಿಂದ. ಹೆಂಡತಿ ಬೆಳಿಗ್ಗೆ ಒಂಬತ್ತಕ್ಕೆ ಬುಗುರಿಯನ್ನು ಶಿಶುವಿಹಾರಕ್ಕೆ ಬಿಟ್ಟು, ಕೆಳಗಿನ ರಸ್ತೆಯ ಔಷಧಿ ಅಂಗಡಿಗೆ ಅರ್ಧ ದಿನದ ಕೆಲಸಕ್ಕೆ ಹೋದ ಮೇಲೆ, ಊಟದ ಮೇಜೇ ಅವನ ಸ್ಟುಡಿಯೋ. ಪಾಠ ಹೇಳುತ್ತಿದ್ದವನು ಫೋನಿನೊಳಗಿನ ಒಬ್ಬ ಗಡ್ಡದ ಹುಡುಗ. ಅವನು ಆಡುವ ಮಾತು ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಅವನ ಕೈ ನೋಡಿ ತಿಳಿಯಬೇಕು. ಬೆಳಕನ್ನು ಕ್ಯಾಮೆರಾದ ಸ್ವಂತ ಬುದ್ಧಿಗೆ ಬಿಡಬಾರದು, ನೀನೇ ಒಂದು ಅಳತೆಗೆ ನಿಲ್ಲಿಸಬೇಕು. ಹಸಿರು ಬಟ್ಟೆಯ ಮುಂದೆ ಆಳನ್ನು ನಿಲ್ಲಿಸಿ ತೆಗೆದರೆ, ಆಮೇಲೆ ಕಂಪ್ಯೂಟರಿನಲ್ಲಿ ಹಸಿರನ್ನೆಲ್ಲ ತೆಗೆದುಹಾಕಿ ಆ ಜಾಗದಲ್ಲಿ ಕಡಲು ಬೇಕಾದರೆ ಕಡಲು, ಬೆಟ್ಟ ಬೇಕಾದರೆ ಬೆಟ್ಟ ಕೂರಿಸಬಹುದು. ಹಸಿರಿನ ಛಾಯೆ ಕೂದಲಂಚಿಗೆ ಮೆತ್ತಿಕೊಂಡರೆ ಮಾತ್ರ ಪಂಚಪ್ರಾಣ ಹೋದ ಹಾಗೆ. ಮೊದಲ ಸಲ ಅಮ್ಮನನ್ನು ಕಡಲ ಮುಂದೆ ನಿಲ್ಲಿಸಿದಾಗ ಅವಳ ತಲೆಯ ಸುತ್ತ ಪಾಚಿ ಕಟ್ಟಿದ ಹಾಗೆ ಕಾಣಿಸಿತು. ಅಮ್ಮ ನೋಡಿ, “ಮುಳುಗಿ ಮೂರು ದಿನ ಆದ್ಮೇಲೆ ತೆಗೆದ ಹೆಣದ ಥರ ಇದೀನಿ,” ಅಂದಳು. ಅವನಿಗೆ ಮಾತ್ರ ಆನಂದಕ್ಕೆ ಪಾರವಿರಲಿಲ್ಲ. ಅಮ್ಮನಿಗೆ ತಲೆ ಬಂದಿತ್ತಲ್ಲ!

ಬುಗುರಿಗೆ ನಾಲ್ಕು ತುಂಬುವ ಹೊತ್ತಿಗೆ ಅವನ ತಲೆಯಲ್ಲಿ ಒಂದು ಯೋಚನೆ ಕೂತಿತು. ಹುಟ್ಟುಹಬ್ಬದ ದಿನ ಅವಳು ಊರ ಮೇಲೆ ಹಾರಬೇಕು.

ಬಟ್ಟೆ ಆಸ್ಪತ್ರೆಯಿಂದ ಬಂತು. ಆಪರೇಷನ್ ಕೋಣೆಯಲ್ಲಿ ಹಾಸುವ ಹಸಿರು ದುಪ್ಪಟಿ, ಹರಿದು ಹಿಂಜಿ ಲೆಕ್ಕದಿಂದ ತೆಗೆದದ್ದು, ಆರು. ಬಟ್ಟೆ ಒಗೆಯುವವನು ಕೊಡುವಾಗ, “ಇದರ ಮೇಲೆ ಎಷ್ಟು ಜನ ಕಣ್ಣು ಮುಚ್ಚಿದಾರೋ,” ಅಂದಿದ್ದ. ಅವನು ಅದನ್ನು ಮನೆಯಲ್ಲಿ ಹೇಳಲಿಲ್ಲ. ಹೆಂಡತಿ ಬಿಸಿನೀರಿನಲ್ಲಿ ಎರಡೆರಡು ಸಲ ಒಗೆದು, ಔಷಧಿ ಹಾಕಿ, ಇಸ್ತ್ರಿ ಮಾಡಿದಳು. ನಾಲ್ಕು ದುಪ್ಪಟಿ ತಾರಸಿಯಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ. ಒಂದು ಅವಳಿಗೇ, ತಲೆಯಿಂದ ಕಾಲವರೆಗೆ ಹೊದ್ದುಕೊಳ್ಳಲು. ಕೊನೆಯದನ್ನು ಕತ್ತರಿಸಿ ಅವಳು ತೋಳುದ್ದದ ಕೈಗವಸು ಹೊಲಿದಳು. ಮಗುವನ್ನು ಗಾಳಿಯಲ್ಲಿ ಎತ್ತಿ ಹಿಡಿಯುವ ಕೈಗಳು ಕಾಣಬಾರದಲ್ಲ. ಹತ್ತು ಬೆರಳಿಗೆ ಹತ್ತು ಗೂಡು, ಒಂದೊಂದು ಬೆರಳನ್ನೂ ಬಟ್ಟೆಯ ಮೇಲಿಟ್ಟು ಗೆರೆ ಎಳೆದುಕೊಂಡು, ಎರಡು ಸಂಜೆ ಕೂತು ಹೊಲಿದಳು.

“ರೀ, ಜಾರಿದ್ರೆ?”

“ನೀನೇ ಹಿಡ್ಕೊಂಡಿರ್ತೀಯಲ್ಲ.”

“ಅದೇ ನನ್ನ ಭಯ. ಬಟ್ಟೆ ಕೈಯಲ್ಲಿ ಹಿಡಿತ ಸಿಗಲ್ಲ. ಕೆಳಗೆ ಹಾಸಿಗೆ ಹಾಸಿ.”

ಎರಡು ಹಾಸಿಗೆ ಬಂದವು. ಆಮೇಲೆ ದಿಂಬು. ಟೇಬಲ್ ಫ್ಯಾನಿನ ವೈರು ಒದ್ದೆಯಾಗಿದೆಯಾ ಅಂತ ಅವಳು ಮೂರು ಸಲ ನೋಡಿದಳು. ಬಿಸಿಲಿಗೆ ಮಗುವಿನ ತಲೆ ಮುಟ್ಟಿ ನೋಡಿದಳು. ಕೊನೆಗೆ ಹಸಿರು ಹೊದಿಕೆಯೊಳಗೆ ಸೇರಿ, ಕೆಂಪು ಫ್ರಾಕಿನ ಬುಗುರಿಯನ್ನು ಸೊಂಟದಲ್ಲಿ ಹಿಡಿದು, ಅಡ್ಡಡ್ಡ ಮೇಲೆತ್ತಿದಳು. ಫ್ಯಾನಿನ ಗಾಳಿಗೆ ಮಗುವಿನ ಕೂದಲು ಹಿಂದಕ್ಕೆ ಹಾರಿತು. ಬುಗುರಿ ಎರಡೂ ಕೈ ಚಾಚಿ ಕಿಲಕಿಲ ನಕ್ಕಳು.

“ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡಬೇಡಿ,” ಅಂದ ಅವನು, ಅಭ್ಯಾಸಬಲ.

ಹೊದಿಕೆಯೊಳಗಿಂದ ಹೆಂಡತಿ ನಕ್ಕಳು. ಮಗು ಅಲುಗಿತು. ನಗುತ್ತಲೇ ಅವಳು, “ರೀ, ತೋಳು ಬಿದ್ದು ಹೋಗ್ತಾ ಇದೆ, ಬೇಗ,” ಅಂದಳು. ಹನ್ನೊಂದು ಸೆಕೆಂಡು. ಒಂದೇ ಸಲ ತೆಗೆದ. ಇನ್ನೊಂದು ಸಲ ತೆಗೆಯೋಣ ಅಂತ ಅವನಿಗೆ ಹೊಳೆಯಲೇ ಇಲ್ಲ. ಗುಂಡಿ ಒತ್ತಿಯಾಯಿತು, ಕೆಲಸ ಮುಗಿಯಿತು.

ಕಷ್ಟ ಶುರುವಾದದ್ದು ಊಟದ ಮೇಜಿನ ಮೇಲೆ. ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಹನ್ನೊಂದು ಸೆಕೆಂಡಿಗೆ ಇನ್ನೂರ ಎಪ್ಪತ್ತೈದು. ಹಸಿರು ಹಿನ್ನೆಲೆ ಸಲೀಸಾಗಿ ಹೋಯಿತು. ಹೊದಿಕೆಯೂ ಹೋಯಿತು. ಹೋಗದೆ ಉಳಿದದ್ದು ಕೈಗಳು. ಬೆರಳು ಒತ್ತಿದ ಕಡೆ ಫ್ರಾಕು ತಗ್ಗಾಗಿತ್ತು, ಸುತ್ತ ನೆರಿಗೆ ಬಿದ್ದಿತ್ತು, ಕೆಂಪಿನ ಮೇಲೆ ಹಸಿರು ನೆರಳು ಕೂತಿತ್ತು. ನಾಲ್ಕನೇ ಸೆಕೆಂಡಿಗೆ, ಅವಳು ನಕ್ಕಾಗಲೇ ಇರಬೇಕು, ಎಡಗೈಯ ಗವಸು ಜಾರಿ ಒಂದಿಷ್ಟು ಮಣಿಕಟ್ಟು ಹೊರಗೆ ಕಂಡಿತ್ತು. ಇವೆಲ್ಲವನ್ನೂ ಒಂದೊಂದಾಗಿ, ಚಿತ್ರ ಚಿತ್ರಕ್ಕೂ ಅಳಿಸಿ, ಪಕ್ಕದ ಕೆಂಪನ್ನು ತಂದು ತುಂಬಿ, ನೆರಿಗೆ ಬಿಡಿಸಿ, ಮತ್ತೆ ಮುಂದಿನ ಚಿತ್ರ. ಬೆಳಿಗ್ಗೆ ಒಂಬತ್ತೂವರೆಯಿಂದ ಒಂದು ಗಂಟೆಯವರೆಗೆ ಕೂತರೆ ಹತ್ತು ಹನ್ನೆರಡು ಚಿತ್ರ ಆಗುತ್ತಿತ್ತು. ಕಣ್ಣು ಉರಿಯುತ್ತಿತ್ತು. ಹೆಂಡತಿ ಅಂಗಡಿಯಿಂದ ಬಂದು ಅವನ ಹೆಗಲ ಹಿಂದೆ ನಿಂತು ನೋಡುತ್ತಿದ್ದಳು.

“ಇವತ್ತು ನನ್ನ ಎಷ್ಟು ಬೆರಳು ತೆಗೆದ್ರಿ?”

“ಬಲಗೈ ಪೂರ್ತಿ. ಹೆಬ್ಬೆರಳೊಂದು ತುಂಬಾ ಹಟ ಮಾಡ್ತಾ ಇದೆ.”

“ಮಾಡಲಿ. ಅದು ಜಾರದ ಹಾಗೆ ಹಿಡಿದ ಬೆರಳು.”

ಆಸ್ಪತ್ರೆಯ ಮೇಲ್ಛಾವಣಿಯಿಂದ ತೆಗೆದ ಊರಿನ ಚಿತ್ರವನ್ನು ಕೆಳಗೆ ಹರಿಯಬಿಟ್ಟ: ಹೆಂಚು, ನೀರಿನ ಟ್ಯಾಂಕು, ಒಣಗಿದ ಬಟ್ಟೆ, ಒಂದು ಬೆಕ್ಕು. ಎಲ್ಲ ಮುಗಿದ ಮೇಲೂ ಏನೋ ಕೊರತೆ. ಗಡ್ಡದ ಹುಡುಗನ ಹಳೆಯ ಪಾಠ ಹುಡುಕಿದಾಗ ಗೊತ್ತಾಯಿತು, ನೆರಳು. ಹಾರುವ ಮಗುವಿನ ನೆರಳು ಹೆಂಚಿನ ಮೇಲೆ ಬೀಳಬೇಕು, ಸಂದಿ ಬಂದಲ್ಲಿ ಮುರಿಯಬೇಕು, ಟ್ಯಾಂಕು ಬಂದಲ್ಲಿ ಹತ್ತಿ ಇಳಿಯಬೇಕು. ಅದಕ್ಕೆ ಮತ್ತೆರಡು ವಾರ ಹಿಡಿಯಿತು. ನೆರಳು ಬಂತು ನೋಡಿ, ಅವನ ಮೈ ಜುಂ ಅಂದಿತು. ಅವನ ಬುಗುರಿ ನಿಜಕ್ಕೂ ಹಾರುತ್ತಿದ್ದಳು.

ಹುಟ್ಟುಹಬ್ಬಕ್ಕೆ ಬಂದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಶಿಶುವಿಹಾರದ ಟೀಚರ್ ತನ್ನ ಫೋನಿಗೆ ಹಾಕಿಸಿಕೊಂಡಳು. ಅಮ್ಮ ಮೊದಲ ಸಲ ಮಗನ ಬೆನ್ನು ತಟ್ಟಿ, “ಪರವಾಗಿಲ್ಲ ಕಣೋ, ತಲೆ ಸಮೇತ ಬಂದಿದಾಳೆ,” ಅಂದಳು. ಆ ಸಂಜೆ ಎಲ್ಲರೂ ಹೋದ ಮೇಲೆ ಅವನು ಕಂಪ್ಯೂಟರಿನ ಮುಂದೆ ಕೂತು, ಡ್ಯೂಟಿ ಮುಗಿಸಿ ಹೊರಡುವವನ ಹಾಗೆ, ಹಸಿರು ಬಟ್ಟೆಯ ಮೂಲ ಚಿತ್ರಗಳನ್ನೆಲ್ಲ ಅಳಿಸಿದ. ಕ್ಯಾಮೆರಾದ ಕಾರ್ಡಂತೂ ಬೆಳಿಗ್ಗೆಯೇ ಅಳಿಸಿದ್ದ. ಹುಟ್ಟುಹಬ್ಬ ತೆಗೆಯಲು ಅದು ಖಾಲಿ ಬೇಕಾಗಿತ್ತು. ಅವನ ಕೈ ಎಷ್ಟು ಸಲೀಸಾಗಿ ಓಡಿತೆಂದರೆ, ಅಳಿಸಿದ್ದು ಅವನಿಗೆ ಆಮೇಲೆ ನೆನಪೂ ಇರಲಿಲ್ಲ.

ಬುಗುರಿ ಅದನ್ನು ದಿನಕ್ಕೆ ಇಪ್ಪತ್ತು ಸಲ ನೋಡಿದಳು. ಹಾಲು ಕುಡಿಯುತ್ತಾ, ತಲೆ ಬಾಚಿಸಿಕೊಳ್ಳುತ್ತಾ, ಕಕ್ಕಸಿನಲ್ಲಿ ಕೂತು. ಮನೆಯವರಿಗೂ ಹಾಯೆನಿಸಿತು. ಇಪ್ಪತ್ತು ಸಲ ಹನ್ನೊಂದು ಸೆಕೆಂಡು ಅವಳು ಒಂದೇ ಕಡೆ ಕೂತಿರುತ್ತಿದ್ದಳಲ್ಲ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಬಟ್ಟೆ ಒಣಹಾಕಲು ತಾರಸಿಗೆ ಹೋದ ಹೆಂಡತಿ ತಿರುಗಿ ನೋಡಿದಾಗ, ಬುಗುರಿ ಖಾಲಿ ಡಬ್ಬವೊಂದನ್ನು ಬೋರಲು ಹಾಕಿ, ಅದನ್ನು ಹತ್ತಿ, ಮೋಟುಗೋಡೆಯ ಮೇಲೆ ಒಂದು ಮೊಣಕಾಲು ಊರಿದ್ದಳು. ಮೂರನೇ ಮಹಡಿಯ ಮೇಲಿನ ತಾರಸಿ. ಕೆಳಗೆ ಸಿಮೆಂಟಿನ ಅಂಗಳ. ಹೆಂಡತಿ ಕೂಗಲಿಲ್ಲ. ಕೂಗಿದರೆ ಮಗು ಬೆಚ್ಚುತ್ತದೆ ಅಂತ ಅಷ್ಟರಲ್ಲೂ ಅವಳಿಗೆ ಹೊಳೆದಿತ್ತು. ಬರಿಗಾಲಲ್ಲಿ ಸದ್ದಿಲ್ಲದೆ ಹೋಗಿ ಹಿಂದಿನಿಂದ ಬಾಚಿ ತಬ್ಬಿದಳು. ಮನೆಯೊಳಗೆ ಬಂದು ಬಾಗಿಲು ಹಾಕಿದ ಮೇಲೇ ಅವಳು ಮಗುವನ್ನು ಕೆಳಗಿಳಿಸಿದ್ದು.

“ಏನ್ ಮಾಡ್ತಾ ಇದ್ದೆ ಅಲ್ಲಿ?” ಅಂತ ಅವನು ಕೇಳಿದ.

“ಹಾರೋಕೆ ಹೋಗಿದ್ದೆ,” ಅಂದಳು ಬುಗುರಿ, ಅಂಗಡಿಗೆ ಹೋಗಿದ್ದೆ ಅನ್ನುವ ಹಾಗೆ.

ತಾರಸಿಗೆ ಬೀಗ ಬಿತ್ತು. ಕಿಟಕಿಯ ಪಕ್ಕದಿಂದ ಕುರ್ಚಿ, ಸೋಫಾ, ಪುಸ್ತಕದ ಗೂಡು ಎಲ್ಲ ನಡುಮನೆಯ ಮಧ್ಯಕ್ಕೆ ಬಂದು, ಮನೆ ಖಾಲಿ ಮಾಡುವವರ ಮನೆಯ ಹಾಗಾಯಿತು. ಶಿಶುವಿಹಾರಕ್ಕೆ ರಜೆ ಇದ್ದ ದಿನ ಹೆಂಡತಿ ಔಷಧಿ ಅಂಗಡಿಯಿಂದ ಗಂಟೆಗೊಂದು ಸಲ ಫೋನು ಮಾಡಿ, “ಅತ್ತೆ, ಎಲ್ಲಿದಾಳೆ? ಕಣ್ಣಿಗೆ ಕಾಣ್ತಾ ಇದಾಳಾ? ಸ್ನಾನದ ಮನೆ ಕಿಟಕಿ ಹಾಕಿದೀರಾ?” ಅಂತ ಕೇಳುತ್ತಿದ್ದಳು. ತೂಕ ಇಳಿಯಿತು. ಕೂತಲ್ಲಿ ಕೂರದೆ, ಮಗು ಎದ್ದರೆ ಎದ್ದು, ಮಗು ಕೂತರೆ ಕೂತು, ಅವಳೂ ಒಂದು ಬುಗುರಿಯೇ ಆದಳು.

ಅವನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಿಳಿಸಿ ಹೇಳಿದ. “ಅದು ಹಾರಿದ್ದಲ್ಲ ಮಗಳೇ. ಅಮ್ಮ ನಿನ್ನ ಎತ್ತಿ ಹಿಡ್ಕೊಂಡಿದ್ಲು.”

“ಎಲ್ಲಿ? ತೋರಿಸು.”

ವೀಡಿಯೋ ಹಾಕಿದ. ಎಲ್ಲೂ ಅಮ್ಮ ಇರಲಿಲ್ಲ. ಅವನೇ ಐದು ವಾರ ಕೂತು ಇಲ್ಲದ ಹಾಗೆ ಮಾಡಿದ್ದ.

“ನೆರಳು ಕೂಡ ಒಂದೇ ಇದೆ ನೋಡು,” ಅಂದಳು ಬುಗುರಿ. “ನಂದು.”

ಮೂಲ ಚಿತ್ರ ತೋರಿಸಿಬಿಡೋಣ ಅಂತ ಹುಡುಕಿದಾಗ ಅವನಿಗೆ ನೆನಪಾಯಿತು. ಎಲ್ಲವನ್ನೂ ತಾನೇ ಅಳಿಸಿದ್ದ. ಕಾರ್ಡನ್ನು ರಿಪೇರಿ ಅಂಗಡಿಗೆ ಒಯ್ದ. ಅಂಗಡಿಯವನು ಅರ್ಧ ದಿನ ಇಟ್ಟುಕೊಂಡು, “ಅಳಿಸಿದ್ದಷ್ಟೇ ಆಗಿದ್ರೆ ತೆಗೀಬಹುದಿತ್ತು ಸಾರ್. ನೀವು ಅದರ ಮೇಲೆ ಬೇರೆ ಏನೋ ತುಂಬಿಬಿಟ್ಟಿದೀರಿ. ಕೇಕು, ಬಲೂನು,” ಅಂದ. ಕಂಪ್ಯೂಟರಿನದೂ ಅದೇ ಕಥೆ.

“ಹೋಗಲಿ, ಅದನ್ನ ಅಳಿಸಿಬಿಡಿ,” ಅಂದಳು ಹೆಂಡತಿ.

ಹಾರುವ ವೀಡಿಯೋವನ್ನೂ ಅಳಿಸಿದ. ಮಗು ಎರಡು ದಿನ ಊಟ ಬಿಟ್ಟು ಅತ್ತಿತು. ಮೂರನೇ ದಿನ ಶಿಶುವಿಹಾರದಿಂದ ಕುಣಿದುಕೊಂಡು ಬಂತು. ಟೀಚರ್ ತನ್ನ ಫೋನಿನಲ್ಲಿ ತರಗತಿಗೆಲ್ಲ ತೋರಿಸಿದ್ದಳಂತೆ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ.

ಆವತ್ತು ಗಂಡ ಹೆಂಡತಿಗೆ ಮಾತಿಗೆ ಮಾತು ಬೆಳೆಯಿತು.

“ಗವಸು ಹೊಲಿದದ್ದು ನೀನೇ ತಾನೇ?” ಅಂದುಬಿಟ್ಟ ಅವನು.

“ಹೌದು. ನಾನೇ ಹೊಲಿದೆ. ಬೆರಳು ಬೆರಳೂ ಅಳತೆ ತಗೊಂಡು ಹೊಲಿದೆ. ನೀವು ಕೇಳಿದ್ರಿ, ಹೊಲಿದೆ. ಈಗ ಅವಳ ಕಣ್ಣಲ್ಲಿ ನಾನು ಅಲ್ಲಿರಲೇ ಇಲ್ಲ.”

“ಬಿಡ್ರೋ, ಮಗೂಗೆ ಕೇಳಿಸುತ್ತೆ,” ಅಂದಳು ಅವನ ಅಮ್ಮ ಒಳಗಿನಿಂದ.

ಅವನಿಗೆ ತಿಳಿದದ್ದು ಒಂದೇ ವಿದ್ಯೆ, ಅದನ್ನೇ ಹಿಡಿದ. ಮತ್ತೆ ತೆಗೆಯೋಣ, ಈ ಸಲ ಕೈ ಕಾಣುವ ಹಾಗೆ. ತಾರಸಿಯ ಬೀಗ ತೆಗೆದು, ಅದೇ ಹಗ್ಗ, ಅದೇ ದುಪ್ಪಟಿ, ಅದೇ ಕೆಂಪು ಫ್ರಾಕು. ಆದರೆ ಆರು ತಿಂಗಳಲ್ಲಿ ಫ್ರಾಕು ಮೊಣಕಾಲ ಮೇಲೆ ಬಂದಿತ್ತು. ಕೂದಲು ಕತ್ತರಿಸಿಯಾಗಿತ್ತು. ಎತ್ತಿದರೆ ಹೆಂಡತಿಯ ತೋಳು ನಡುಗಿತು. ಅವಳು ಸೊರಗಿದ್ದಳು, ಮಗು ಬೆಳೆದಿತ್ತು. ಬಿಸಿಲೂ ಬೇರೆ ಕಡೆಯಿಂದ ಬೀಳುತ್ತಿತ್ತು. ಹೇಗೋ ತೆಗೆದು, ಊರನ್ನು ಕೆಳಗೆ ಹರಿಸಿ, ಈ ಸಲ ಹೆಂಡತಿಯನ್ನು ಹಾಗೇ ಬಿಟ್ಟ. ಊರ ಮೇಲೆ ಅಮ್ಮನೂ ತೇಲುತ್ತಿದ್ದಳು, ಮಗಳನ್ನು ಎತ್ತಿ ಹಿಡಿದು, ಬೆವರಿದ ಮುಖದಲ್ಲಿ, ಹುಬ್ಬು ಗಂಟಿಕ್ಕಿಕೊಂಡು.

ಬುಗುರಿ ಪೂರ್ತಿ ನೋಡಿದಳು. ಬಿದ್ದು ಬಿದ್ದು ನಕ್ಕಳು.

“ಇದು ಸುಳ್ಳು,” ಅಂದಳು. “ಇದು ನೀನು ಕಂಪ್ಯೂಟರಲ್ಲಿ ಮಾಡಿದ್ದು. ಅಮ್ಮ ಎಲ್ಲಾದ್ರೂ ಹಾರ್ತಾಳಾ?”

ಅವನು ತಲೆ ಮೇಲೆ ಕೈ ಹೊತ್ತು ಕೂತ. ಆವತ್ತು ಎಕ್ಸ್‌ರೇ ಕೋಣೆಯಲ್ಲಿ ಎಲುಬು ನೋಡುತ್ತಾ, ಇಲ್ಲಿ ಒಳಗಿರುವುದನ್ನು ಇದ್ದ ಹಾಗೆ ತೋರಿಸುತ್ತೇನೆ, ಮನೆಯಲ್ಲಿ ಮಾತ್ರ ಯಾಕೆ ಹೀಗಾಯಿತು ಅಂತ ಅವನಿಗೆ ಅಳು ಬರುವ ಹಾಗಾಯಿತು. ಯಾರಿಗೆ ಹೇಳುವುದು? ಹೊಡೆದು ಹೇಳುವ ವಿಷಯವಲ್ಲ. ಹೆದರಿಸಿದರೆ ಮಗುವಿಗೆ ಹೆದರಿಕೆಯೇ ಇಲ್ಲ. ಬಿದ್ದರೆ ಏನಾಗುತ್ತದೆ ಅಂತ ಕೇಳಿದರೆ, “ನಾನು ಬೀಳಲಿಲ್ಲವಲ್ಲ,” ಅನ್ನುತ್ತಿದ್ದಳು. ಬೀಗ, ಕಿಟಕಿ, ಕುರ್ಚಿ. ಎಷ್ಟು ದಿನ ಅಂತ ಕಾಯುವುದು? ಪ್ರಪಂಚದ ತುಂಬ ಎತ್ತರದ ಜಾಗಗಳಿವೆ ಅನ್ನುವುದು ಅವನಿಗೆ ಆ ದಿನಗಳಲ್ಲೇ ಗೊತ್ತಾದದ್ದು. ಮೆಟ್ಟಿಲು, ಜಗಲಿ, ಬಸ್ಸಿನ ಬಾಗಿಲು, ಜಾರುಬಂಡೆ, ಗೇಟು.

ಆದದ್ದು ಮನೆಯ ಮೆಟ್ಟಿಲಲ್ಲೇ. ಒಂದು ಬುಧವಾರ ಮಧ್ಯಾಹ್ನ ಮೂರೂವರೆಗೆ. ಹೆಂಡತಿ ಮಗಳ ಕೈ ಹಿಡಿದು ಇಳಿಯುತ್ತಿದ್ದಳು. ಕೊನೆಯ ತಿರುವಿನಲ್ಲಿ ಚಪ್ಪಲಿಯ ಬಾರು ಬಿಚ್ಚಿತು ಅಂತ ಒಂದೇ ಒಂದು ಕ್ಷಣ ಬಗ್ಗಿದಳು. ಬುಗುರಿ ಐದನೇ ಮೆಟ್ಟಿಲ ತುದಿಯಲ್ಲಿ ಎರಡೂ ಕೈ ಚಾಚಿ ನಿಂತದ್ದು ಅವಳ ಕಣ್ಣಂಚಿಗೆ ಬಿತ್ತು. ಕೈ ನೀಡಿದಳು. ಸಿಕ್ಕಿದ್ದು ಮುಂಗೈ. ಮಗು ಆಗಲೇ ಗಾಳಿಯಲ್ಲಿತ್ತು.

ಆಸ್ಪತ್ರೆಯ ನೆಲಮಾಳಿಗೆಯ ಬಾಗಿಲು ತಳ್ಳಿಕೊಂಡು ಅವರಿಬ್ಬರೂ ಬಂದಾಗ ಅವನ ಕೈಯಲ್ಲಿ ಇನ್ಯಾರದೋ ಚೀಟಿ ಇತ್ತು. ಮಗುವಿನ ಎಡ ಮುಂಗೈ ಊದಿ ಬಾಗಿತ್ತು. ಬುಗುರಿ ಅತ್ತು ಸುಸ್ತಾಗಿ ಬಿಕ್ಕುತ್ತಿದ್ದಳು. ಹೆಂಡತಿಯ ಕಾಲಲ್ಲಿ ಒಂದೇ ಚಪ್ಪಲಿ.

“ರೀ, ನಾನು ಎಳೆದೆ,” ಅಂದಳು. “ಬೀಳಬಾರದು ಅಂತ ಎಳೆದೆ. ಬಿದ್ದು ಮುರೀತೋ, ನಾನು ಎಳೆದು ಮುರೀತೋ? ಹೇಳ್ರೀ. ನಿಮಗೆ ಚಿತ್ರದಲ್ಲಿ ಗೊತ್ತಾಗುತ್ತಲ್ಲ?”

“ಮೊದಲು ತೆಗೀಲಿ, ತಡಿ.”

ಸೀಸದ ಭಾರದ ಅಂಗಿಯನ್ನು ಅವಳಿಗೆ ತೊಡಿಸಿದ. ಚಿಕ್ಕ ಮಕ್ಕಳಾದರೆ ಒಬ್ಬರು ಹಿಡಿದುಕೊಳ್ಳಲೇಬೇಕು. ಮಗುವನ್ನು ಮೇಜಿನ ಮೇಲೆ ಕೂರಿಸಿ, ತೋಳನ್ನು ಹಲಗೆಯ ಮೇಲೆ ಮಲಗಿಸಿ, “ಮೊಣಕೈ ಮೇಲೆ ಹಿಡ್ಕೋ. ಬೆರಳು ಈ ಗೆರೆ ದಾಟಬಾರದು,” ಅಂದ. ಅವಳು ಹಿಡಿದಳು. ಅವನು ಗಾಜಿನ ಕಿಂಡಿಯ ಹಿಂದೆ ಹೋಗಿ ನಿಂತ.

“ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲ್ಲಾಡಬೇಡಿ.”

ಗುಂಡಿ ಒತ್ತುವ ಹೊತ್ತಿಗೆ ಸರಿಯಾಗಿ ಬುಗುರಿ ಕೊಸರಿದಳು. ಹೆಂಡತಿಯ ಕೈ ಮುಂದೆ ಜಾರಿತು.

ಚಿತ್ರ ಪರದೆಗೆ ಬಂತು. ಎರಡು ಎಳೆಯ ಮೂಳೆ. ಒಂದು ಹಸಿ ಕಡ್ಡಿಯ ಹಾಗೆ ಬಾಗಿ ಒಂದು ಮಗ್ಗುಲಲ್ಲಿ ಮಾತ್ರ ಸೀಳಿತ್ತು. ಕೂಡಿಕೊಳ್ಳುತ್ತದೆ, ಇಂಥದ್ದನ್ನು ಅವನು ಸಾವಿರ ನೋಡಿದ್ದ. ಎಳೆದು ಆದದ್ದೋ, ಬಿದ್ದು ಆದದ್ದೋ, ಅದು ಮಾತ್ರ ಅಲ್ಲಿ ಬರೆದಿರಲಿಲ್ಲ. ಮೊಣಕೈಯ ಕೆಳಗೆ, ಮಗುವಿನ ಮೂಳೆಯನ್ನು ಸುತ್ತಿಕೊಂಡು, ಇನ್ನೊಬ್ಬರ ಬೆರಳುಗಳು. ನಾಲ್ಕು ಬೆರಳು, ಗೆಣ್ಣು ಗೆಣ್ಣೂ ಬಿಡಿ ಬಿಡಿಯಾಗಿ. ತೆಗೆದಿಡಲು ಮರೆತ ಉಂಗುರ ಅಚ್ಚ ಬಿಳಿಯಾಗಿ ಹೊಳೆಯುತ್ತಿತ್ತು. ಹಿಡಿತ ಎಷ್ಟು ಬಿಗಿಯಾಗಿತ್ತು ಅನ್ನುವುದು ಎಲುಬಿನಲ್ಲೂ ಕಾಣುತ್ತಿತ್ತು.

ಇದು ಕೆಟ್ಟ ಚಿತ್ರ. ಹಿಡಿದವರ ಕೈ ಬಂದರೆ ಅಂಚು ಕತ್ತರಿಸಬೇಕು, ಇಲ್ಲವೇ ಅಳಿಸಿ ಮತ್ತೆ ತೆಗೆಯಬೇಕು. ಅವನ ಬೆರಳು ತಾನಾಗಿಯೇ ಅಳಿಸುವ ಗುಂಡಿಯ ಮೇಲೆ ಹೋಗಿ ಕೂತಿತ್ತು. ಸರಕ್ಕನೆ ತೆಗೆದ. ಎಷ್ಟೋ ವಾರದಿಂದ ಹುಡುಕುತ್ತಿದ್ದದ್ದು ತಾನಾಗಿ ಬಂದು ಕೂತಿತ್ತು ಇಲ್ಲಿ. ಬಾಗಿಲು ತೆರೆದು, ಪರದೆಯನ್ನು ಮಗಳ ಕಡೆ ತಿರುಗಿಸಿದ.

“ನೋಡಿಲ್ಲಿ ಬುಗುರಿ. ಇದು ನಿನ್ನ ಕೈ. ಇದು ಯಾರದು ಹೇಳು?”

ಬುಗುರಿ ಮೂಗು ಒರೆಸಿಕೊಂಡು ನೋಡಿದಳು. “ಅಮ್ಮಂದು. ಉಂಗುರ ಇದೆ.”

“ಹಾಂ! ಅಮ್ಮ ಹಿಡ್ಕೊಂಡಿದಾಳೆ. ಕಂಡಿತಲ್ಲ? ಆವತ್ತು ತಾರಸಿ ಮೇಲೂ ಹೀಗೇ ಹಿಡ್ಕೊಂಡಿದ್ಲು. ನೀನು ಹಾರಲಿಲ್ಲ ಮಗಳೇ. ಅಮ್ಮ ಹಿಡ್ಕೊಂಡಿದ್ಲು.”

“ನಂಗೊತ್ತು,” ಅಂದಳು ಬುಗುರಿ.

“ಏನು ಗೊತ್ತು?”

“ಅಮ್ಮ ಹಿಡ್ಕೊಂಡಿದ್ಲು. ಹಸಿರು ಕೈಯಲ್ಲಿ.” ಇಷ್ಟು ದೊಡ್ಡವನಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಅನ್ನುವ ಹಾಗೆ ಅವಳು ಅಪ್ಪನ ಮುಖ ನೋಡಿದಳು. “ನೀನು ಅದನ್ನ ಅಳಿಸಿದೆ. ದಿನಾ ಕೂತ್ಕೊಂಡು ಅಳಿಸಿದೆ. ಎಲ್ಲಾ ಹೋದ್ಮೇಲೆ ನಾನು ಹಾರಿದೆ.”

ಅವನು ಪರದೆಯಿಂದ ಕೈ ತೆಗೆದ.

“ಇವತ್ತು ಅಮ್ಮ ಹಿಡ್ಕೊಂಡ್ಲು. ಅದಕ್ಕೇ ಬಿದ್ದೆ.” ಬಿಕ್ಕು ಮತ್ತೆ ಬಂತು. ಒಳ್ಳೆಯ ಕೈಯ ಬೆರಳು ಚಾಚಿ ಅವಳು ಪರದೆಯ ಮೇಲಿನ ಆ ನಾಲ್ಕು ಬೆರಳು ತೋರಿಸಿದಳು. “ಇದನ್ನೂ ಅಳಿಸು ಅಪ್ಪ.”

“ಇದನ್ನ ಅಳಿಸೋಕೆ ಬರಲ್ಲ ಮಗಳೇ.”

“ಬರುತ್ತೆ. ನಿಂಗೆ ಬರುತ್ತೆ.”

ಮೇಜಿನ ಪಕ್ಕದಲ್ಲಿ ಹೆಂಡತಿ ಸೀಸದ ಅಂಗಿಯ ಭಾರಕ್ಕೆ ಹೆಗಲು ಇಳಿಬಿಟ್ಟು ನಿಂತೇ ಇದ್ದಳು. ಮಗಳ ತೋಳು ಅವಳ ಕೈಯಲ್ಲಿ ಹಾಗೇ ಇತ್ತು. ಅವಳು ಅಲುಗಿರಲಿಲ್ಲ. ಮುಖ ಕೆಂಪಗಾಗಿತ್ತು.

“ರೀ,” ಅಂದಳು ಕೊನೆಗೆ, ಹಿಡಿದ ಉಸಿರಿನ ಸಂದಿಯಿಂದ. “ಆಯ್ತಾ? ಬಿಡ್ಲಾ?”

ಅದಕ್ಕೆ ಹೇಳಬೇಕಾದ ಮಾತು ಅವನು ಹನ್ನೊಂದು ವರ್ಷದಿಂದ ಹೇಳುತ್ತಾ ಬಂದದ್ದೇ: ಹಾಂ, ಈಗ ಬಿಡಿ. ಬಾಯಿ ತೆರೆದ. ಅದು ಬರಲಿಲ್ಲ.